ಹದಿನೇಳನೆಯ ನಂಬರು

ಇದನ್ನು ಬರೆಯುವುದನ್ನು ಬಹಳ ದಿನ ಮುಂದಕ್ಕೆ ಹಾಕಿದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಂದುಕೊಂಡೆ, ಬೇಸಿಗೆ ಕಳೆಯಲಿ ಎಂದುಕೊಂಡೆ. ಕಳೆದ ವಾರ ಊಟಕ್ಕೆ ಕುಳಿತಾಗ ಮೊಮ್ಮಗಳು, "ತಾತ, ನಮ್ಮ ಸಾಲಿಗೆ ಒಬ್ಬಾಕಿ ಆಯಾ ಕರೋನಾ ತಂದಿದ್ಲಲ್ಲ, ಆಕಿ ಈಗ ಎಲ್ಲಿ ಅದಾಳ?" ಎಂದು ಕೇಳಿದಳು. ಗೊತ್ತಿಲ್ಲವ್ವ ಎಂದೆ. ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದೆ.

ಆಗ ಅವಳು ಒಂದನೆಯ ತರಗತಿ. ಬಳ್ಳಾರಿಯ ಕೌಲ್ ಬಜಾರಿನ ಒಂದು ಸಣ್ಣ ಖಾಸಗಿ ಶಾಲೆ. ಮಗ, ಸೊಸೆ ಇಬ್ಬರೂ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದರಿಂದ ಶಾಲೆಯ ಓಡಾಟವೆಲ್ಲ ನನ್ನದು. ಕ್ರಿಸ್‌ಮಸ್ ರಜೆ ಮುಗಿದು ಬಾಗಿಲು ತೆರೆಯಬೇಕು, ಅಷ್ಟರಲ್ಲಿ ಮೂರನೆಯ ಅಲೆ ಎಂದು ಸುದ್ದಿಯಾಯಿತು. ಹೆಡ್ ಮೇಡಂ ಪೋಷಕರನ್ನು ಕರೆದರು. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಮಡಚಿಕೊಂಡು ಕುಳಿತೆವು.

"ಟೆಸ್ಟ್ ಮಾಡಸ್ದ ಸಾಲಿ ತೆಗೆದ್ರ ನನ್ನ ಮಗನ್ನ ನಾ ಕಳಸಂಗಿಲ್ರಿ," ಎಂದಳು ಒಬ್ಬ ತಾಯಿ.

"ಇನ್ನೂ ಎಷ್ಟ ದಿನ ಮುಚ್ತೀರಿ?" ಆಟೋ ಓಡಿಸುವವನೊಬ್ಬ ಕೇಳಿದ. "ಎರಡು ವರ್ಷದಾಗ ನನ್ನ ಮಗ ಅಕ್ಷರ ಎಲ್ಲಾ ಮರತು ಮೊಬೈಲ್ ಒತ್ತಾದೊಂದ ಕಲತಾನ. ಮ್ಯಾಲ ಮೂಗಿನ್ಯಾಗ ಕಡ್ಡಿ ಬ್ಯಾರೆ. ಅದು ಮಿದುಳಿಗೆ ತಾಕತೈತಂತ."

"ನಿನಗೇನ ಚಿಂತಿ ಬಿಡಪ. ತಾಕಾಕ ಅಲ್ಲೇನರ ಇರಬೇಕಲ್ಲ," ಎಂದಿತು ಹಿಂದಿನ ಬೆಂಚು. ಎಲ್ಲರೂ ನಕ್ಕರು.

ಆಗ ನಾನು ಎದ್ದು ನಿಂತೆ. ಎಸ್ಸೆಸ್ಸೆಲ್ಸಿ ಮುಗಿಸಿ ಹತ್ತಿ ಮಿಲ್ಲಿನಲ್ಲಿ ಮೂವತ್ತು ವರ್ಷ ಕೆಲಸಗಾರರ ಹಾಜರಿ ಬರೆದವನು ನಾನು, ಅಲ್ಲಿದ್ದವರಲ್ಲಿ ಹಿರಿಯ. "ಟೆಸ್ಟ್ ಆಗ್ಲಿ. ಮಕ್ಕಳಿಗೂ ಆಗ್ಲಿ, ಟೀಚರ್‌ಗೂ ಆಗ್ಲಿ, ದಿನಾ ಕುರುಗೋಡಿಂದ ಬಸ್ಸಿನ್ಯಾಗ ಬರೋ ಆಯಾಗೂ ಆಗ್ಲಿ. ರಜಾದಾಗ ಊರೂರು ತಿರುಗಿದೋರು ಈಗ ಎದ್ದು ಹೇಳ್ರಿ. ನಾವಂತೂ ಕೂಸಿನ್ನ ಹೊಸ್ತಿಲ ದಾಟಿಸಿಲ್ಲ," ಎಂದೆ.

ಅದು ಸುಳ್ಳು. ಮೂರು ದಿನದ ಹಿಂದೆಯಷ್ಟೇ ಮಗಳ ಸೀಮಂತಕ್ಕೆ ಸಿರುಗುಪ್ಪಕ್ಕೆ ಹೋಗಿ ಬಂದಿದ್ದೆವು. ಮೊಮ್ಮಗಳು ಛತ್ರದ ತುಂಬ ಓಡಾಡಿದ್ದಳು. ಆ ಬೆಳಿಗ್ಗೆ ಎರಡು ಸಲ ಕೆಮ್ಮಿದ್ದಳು ಕೂಡ.

ಎಲ್ಲರೂ ನನ್ನ ಮಾತಿಗೆ ಒಪ್ಪಿದರು. ಟೆಸ್ಟ್ ದಿನ, ಅಕ್ಷರ ದುಂಡಗಿದೆ ಎಂದು ಪಟ್ಟಿ ಬರೆಯಲು ನನ್ನನ್ನೇ ಕೂರಿಸಿದರು. ನರ್ಸಮ್ಮ ಮೂಗಿನಿಂದ ತೆಗೆದ ಕಡ್ಡಿಯನ್ನು ಕೊಳವೆಗೆ ಹಾಕಿ ನಂಬರು ಕೂಗುತ್ತಿದ್ದರು. ಆ ನಂಬರಿನ ಮುಂದೆ ಹೆಸರು ಬರೆಯುವುದು ನನ್ನ ಕೆಲಸ.

ನನ್ನ ಮೊಮ್ಮಗಳ ಸರದಿ ಬಂದಾಗ ಅವಳು ಬಾಗಿಲ ಕಂಬ ಹಿಡಿದು ಅಳತೊಡಗಿದಳು. ಆಯಾ ಬಂದು ಎತ್ತಿಕೊಂಡಳು. ದೊಡ್ಡವರದು ಕೊನೆಗೆ ಎಂದು ನಿಗದಿಯಾಗಿತ್ತು, ಆದರೂ ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ನೋಡವ್ವಾ, ಮೊದ್ಲು ನಂಗ ಹಾಕ್ತಾರ. ಮೂಗಿನ್ಯಾಗ ಇರುವಿ ಹೊಕ್ಕಂಗ ಅನಸ್ತೈತಿ, ಅಷ್ಟ," ಎಂದು ತಾನೇ ಮುಖ ಒಡ್ಡಿದಳು. ಆಮೇಲೆ ಜೋರಾಗಿ ಸೀನಿದಳು. ಮೊಮ್ಮಗಳು ಅಳುತ್ತಲೇ ನಕ್ಕಳು, ಮೂಗು ಕೊಟ್ಟಳು.

ಹದಿನೇಳು ಆಯಾಳದು, ಹದಿನೆಂಟು ನನ್ನ ಮೊಮ್ಮಗಳದು. ನಾನು ಹದಿನೇಳರ ಮುಂದೆ ಮೊಮ್ಮಗಳ ಹೆಸರು ಬರೆದೆ. ಹದಿನೆಂಟರ ಮುಂದೆ ಆಯಾಳ ಹೆಸರು ಬರೆದೆ.

ಕೈತಪ್ಪಿ ಆಯಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೈ ತಪ್ಪಿರಲಿಲ್ಲ. ಸಿರುಗುಪ್ಪದ ವಿಷಯ ಬಯಲಾದರೆ ಅಷ್ಟು ಜನರ ಮುಂದೆ ನನ್ನ ಮುಖ ಏನಾಗುತ್ತದೆ, ಅದೊಂದೇ ತಲೆಯಲ್ಲಿತ್ತು.

ಎರಡು ದಿನಕ್ಕೆ ವರದಿ ಬಂತು. ಹದಿನೆಂಟೊಂದೇ ಪಾಸಿಟಿವ್. ಶಾಲೆ ತೆರೆಯುವುದು ಎರಡು ವಾರ ಮುಂದಕ್ಕೆ ಹೋಯಿತು. ಪೋಷಕರ ಗುಂಪಿನಲ್ಲಿ ಎಲ್ಲರ ಮಾತೂ ಒಂದೇ: ಬಸ್ಸಿನಲ್ಲಿ ಬರುವವಳು, ಅವಳೇ ತಂದಳು. ನಮ್ಮ ಮನೆಯಲ್ಲಿ ಮೊಮ್ಮಗಳಿಗೆ ಜ್ವರ ಬಂತು. ಅಜೀರ್ಣ ಎಂದು ಅಕ್ಕಪಕ್ಕದವರಿಗೆ ಹೇಳಿ, ಮೇಲಿನ ಕೋಣೆಯಲ್ಲಿ ಮಲಗಿಸಿ, ಕಷಾಯ ಕುಡಿಸಿದೆವು. ನಾಲ್ಕು ದಿನಕ್ಕೆ ಬಿಟ್ಟಿತು.

ಆಯಾ ನನಗೆ ಫೋನ್ ಮಾಡಿದಳು. "ತಾತಾರ, ನಂಗ ಕೆಮ್ಮಿಲ್ಲ, ನೆಗಡಿಲ್ಲ. ಓಣ್ಯಾಗ ಯಾರೂ ನೀರಿನ ನಳಕ್ಕ ಬಿಡವಲ್ರು. ನಿಮ್ಮ ಮಾತು ಮೇಡಂ ಕೇಳ್ತಾರ. ಇನ್ನೊಂದ್ಸಲ ನೋಡಾಕ ಹೇಳ್ರಿ."

"ವರದಿ ಸುಳ್ಳು ಹೇಳತೈತೇನವ್ವ?" ಎಂದೆ ನಾನು. "ಆತ್ರಿ," ಎಂದು ಅವಳು ಫೋನ್ ಇಟ್ಟಳು.

ಅವಳು ತಾನೇ ಹೋಗಿ ಮತ್ತೆ ಮಾಡಿಸಿಕೊಂಡಳು. ಏನೂ ಇಲ್ಲವೆಂದು ಬಂತು. ಈಗ ಇಳಿದಿರಬೇಕು ಎಂದರು ಜನ. ಶಾಲೆ ತೆರೆದಾಗ ಅವಳ ಜಾಗದಲ್ಲಿ ಬೇರೊಬ್ಬಳಿದ್ದಳು. ಆ ಆಯಾ ಇದ್ದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಪೋಷಕರು ಬರೆದುಕೊಟ್ಟ ಕಾಗದದಲ್ಲಿ ನನ್ನ ಸಹಿಯೂ ಇತ್ತು.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ, ಹೇಳಿಯೇಬಿಡುತ್ತೇನೆ ಎಂದು ಕುರುಗೋಡಿಗೆ ಬಸ್ಸು ಹತ್ತಿದೆ. ಮನೆ ಹುಡುಕಬೇಕಾಗಲಿಲ್ಲ. ಬಸ್ ನಿಲ್ದಾಣದ ಹತ್ತಿರ, ಬಾದನಹಟ್ಟಿ ಕಡೆ ಮೆಣಸಿನಕಾಯಿ ಬಿಡಿಸಲು ಹೊರಟ ಹೆಂಗಸರ ಟಂಟಂ ಆಟೋ ನಿಂತಿತ್ತು. ಅವಳು ಅದರಲ್ಲಿದ್ದಳು, ತಲೆಗೆ ಟವೆಲು ಸುತ್ತಿಕೊಂಡು. ನನ್ನನ್ನು ನೋಡಿದವಳೇ ಇಳಿದು ಬಂದಳು.

"ತಾತಾರ, ಕೂಸು ಹೆಂಗೈತ್ರಿ?"

"ಚೊಲೋ ಅದಾಳವ್ವ."

"ಅವತ್ತು ನನ್ನ ತೊಡಿ ಮ್ಯಾಲ ಕುಂತಿತ್ತು. ನನ್ನಿಂದ ಅದಕ್ಕೇನೂ ಹತ್ತಲಿಲ್ಲ, ಅದೊಂದ ಸಮಾಧಾನ ನೋಡ್ರಿ."

ಟಂಟಂನವನು ಹಾರ್ನ್ ಹೊಡೆದ. "ಬರ್ತೀನ್ರಿ, ಹೊತ್ತಾತು," ಎಂದು ಹತ್ತಿ ಕುಳಿತಳು. ನಾನು ಕೈ ಎತ್ತಿದೆ. ಮುಂದಿನ ಬಸ್ಸಿಗೆ ಬಳ್ಳಾರಿಗೆ ವಾಪಸು ಬಂದೆ.

ನಾಳೆ ಇದನ್ನು ಮೊದಲು ಮೊಮ್ಮಗಳಿಗೆ ಓದಿ ಹೇಳುತ್ತೇನೆ. ಆಯಾ ಕರೋನಾ ತಂದಳು ಎಂಬ ಮಾತು ಅವಳ ಬಾಯಲ್ಲಿ ಮತ್ತೆ ಬರಬಾರದು. ಆಮೇಲೆ ಕುರುಗೋಡಿಗೆ ಹೋಗುವ ಧೈರ್ಯ ಬರುತ್ತದೋ ಇಲ್ಲವೋ, ನನ್ನನ್ನು ನಾನೇ ನಂಬಲಾರೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ, ಈ ಸಲ ಸರಿಯಾದ ನಂಬರಿನ ಮುಂದೆ. ನಾನು ಇಂದಿಗೂ ತಪ್ಪಾಯಿತು ಎಂದು ಹೇಳದೆ ಉಳಿದಿರುವುದು ಹದಿನೇಳನೆಯವಳಿಗೆ, ಅಳುವ ಮಗುವಿಗಾಗಿ ಮೊದಲು ತನ್ನ ಮೂಗು ಒಡ್ಡಿದ ಕುರುಗೋಡಿನ ಆಯಾಳಿಗೆ.