ದಾವಲಸಾಬರು ಹೊಲಿಯದೇ ಬಿಟ್ಟ ತೋಳು

ಕಳೆದ ಜನವರಿಯ ಒಂದು ಸೋಮವಾರ ಬೆಳಿಗ್ಗೆ ಹೊರ್ತಿಯ ಟೇಲರ್ ದಾವಲಸಾಬ ತೀರಿಕೊಂಡರು. ಸುದ್ದಿ ತಿಳಿದು ನಾನು ಹೋದಾಗ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೊಳೆಗೆ ಹಳದಿ ಫ್ರಾಕೊಂದು ನೇತಾಡುತ್ತಿತ್ತು. ಅದರ ಎಡತೋಳು ಹರಿದಿತ್ತು. ಆ ಅಂಗಡಿಯಲ್ಲಿ ವರ್ಷಗಟ್ಟಲೆ ಹೊಲಿಯದೆ ಉಳಿದ ಬಟ್ಟೆ ಅದೊಂದೇ.

ನನಗೆ ಅವರ ಪರಿಚಯವಾದದ್ದು ಒಂದು ದೂರಿನಿಂದ. ‘ಹೊರ್ತಿಯಲ್ಲೊಬ್ಬ ಮಗಳನ್ನು ಶಾಲೆ ಬಿಡಿಸಿದ್ದಾನೆ, ಪೇಪರಿಗೆ ಬರೀರಿ’ ಎಂದು ಯಾರೋ ಇಂಡಿ ಪಟ್ಟಣದ ನಮ್ಮ ಪತ್ರಿಕಾ ಕಚೇರಿಗೆ ಫೋನ್ ಮಾಡಿದ್ದರು. ಹೋಗಿ ವಿಚಾರಿಸಿದೆ. ದಾವಲಸಾಬರು ಮಷಿನ್ ನಿಲ್ಲಿಸಲಿಲ್ಲ.

“ಸಾಲಿ ಬಿಡಿಸೇನಿ, ಖರೇ ಐತ್ರಿ. ಕಲಿಸೋದು ಬಿಟ್ಟಿಲ್ರಿ.”

ಅವರು ಶಿಕ್ಷಕರ ತರಬೇತಿ ಮುಗಿಸಿದ್ದವರು. ನೌಕರಿ ಸಿಗದೆ ಅಪ್ಪನ ಮಷಿನ್ ಹಿಡಿದಿದ್ದರು. ಮಗಳು ರಜಿಯಾ ಮೂರನೇ ತರಗತಿಯಲ್ಲಿ ಬೋರ್ಡಿನ ಮೇಲಿದ್ದುದನ್ನು ದಿನವೂ ಅಂದವಾಗಿ ನಕಲು ಮಾಡುತ್ತಿದ್ದಳು, ಓದು ಅಂದರೆ ಒಂದಕ್ಷರವೂ ಬರುತ್ತಿರಲಿಲ್ಲ. ಅದನ್ನು ಕಂಡ ದಿನವೇ ಮನೆಯಲ್ಲಿ ಕೂರಿಸಿಕೊಂಡರಂತೆ. ನಾನು ಹೋದಾಗ ಹತ್ತು ವರ್ಷದ ಆ ಹುಡುಗಿ ಟೇಪು ಹಿಡಿದು ಮುಕ್ಕಾಲು, ಕಾಲು ಎಂದು ಭಿನ್ನರಾಶಿ ಹೇಳಿದಳು. ನನ್ನ ಕೈಯಲ್ಲಿದ್ದ ಪತ್ರಿಕೆಯನ್ನೂ ತಡವರಿಸದೆ ಓದಿದಳು.

“ಆದ್ರೆ ನಾಲ್ಕು ಮಂದಿ ಜೊತೆ ಬೆರೆಯೋದು ಹೆಂಗೆ ಕಲೀತಾಳೆ?” ಎಂದೆ.

ಅವರು ನಕ್ಕರು. “ಸಾಲ್ಯಾಗ ಆಕಿ ವಯಸ್ಸಿನ ವಾರಿಗಿ ಹುಡುಗ್ರು ಅಷ್ಟ ಸಿಗ್ತಾರ್ರಿ. ಇಲ್ಲಿ ಮದುಮಗಳಿಂದ ಹಿಡ್ದು ಮುದುಕಿ ತನಕಾ ಬರ್ತಾರ. ಇದಕ್ಕಿಂತ ದೊಡ್ಡ ಸಾಲಿ ಯಾವ್ದೈತಿ?”

ನಿಜವೇ. ಬಂದವರಿಗೆ ರಜಿಯಾ ಸ್ಟೂಲು ಹಾಕುತ್ತಿದ್ದಳು, ನೀರು ಕೊಡುತ್ತಿದ್ದಳು, ಅಳತೆ ಬರೆದುಕೊಳ್ಳುತ್ತಿದ್ದಳು. “ಬಂದವ್ರು ಮೊದ್ಲ, ನಾವು ಆಮ್ಯಾಲೆ” ಎಂಬುದು ಅಂಗಡಿಯ ನಿಯಮ. ನಾನು ಸುದ್ದಿ ಬರೆಯಲಿಲ್ಲ.

ನಾಲ್ಕು ತಿಂಗಳ ನಂತರ ಮತ್ತೆ ಹೋದ ದಿನ ರಜಿಯಾ ನಲ್ಲಿಯಿಂದ ಖಾಲಿ ಕೊಡ ಹಿಡಿದು ಬಂದಳು. ಹಿಂದೆಯೇ ಪಕ್ಕದ ಮನೆಯ ಮುದುಕಿ ಸಿದ್ದವ್ವ.

“ಎಂಥಾ ಮಗಳನ್ನ ಬೆಳೆಸೀಯೋ ದಾವಲ! ಬಂದವ್ರಿಗೆಲ್ಲಾ ಸರದು ಸರದು ದಾರಿ ಬಿಟ್ಲು. ಕಡೀಗೆ ನೀರ ಹೋತು.”

“ನೀನೂ ಮುಂದ ಹೋದಿ ಹೌದಲ್ಲ ಆಯಿ?” ದಾವಲಸಾಬರು ಕೇಳಿದರು.

“ಬಿಟ್ಟಳು, ಹೋದೆ!”

ಸಿದ್ದವ್ವ ಹೋದಮೇಲೆ ದಾವಲಸಾಬರು ಕಾಲು ತೆಗೆದು ಮಷಿನ್ ನಿಲ್ಲಿಸಿದರು. ಅವರು ಹಾಗೆ ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ತಪ್ಪು ನಂದ ಐತ್ರಿ. ಹಿರ್ಯಾರ ಜೋಡಿ ನಡಿಯೂದು ಕಲಿಸ್ದೆ. ಆಕಿ ಪಾಳಿ ಆಕಿ ಕೇಳೂದು ಯಾರು ಕಲಿಸ್ಬೇಕು? ಅದು ನನ್ನ ಕಡಿಂದ ಆಗೂದಿಲ್ಲ. ಹುಡುಗ್ರ ಬೇಕು.”

ಮರುದಿನದಿಂದ ಚಿಂದಿ ಬಟ್ಟೆ ಸುತ್ತಿ ಚೆಂಡು ಹೊಲಿಯತೊಡಗಿದರು. ಸಂಜೆ ಅಂಗಡಿ ಮುಂದೆ ಲಗೋರಿ. ಓಣಿಯ ಹುಡುಗರು ಚೆಂಡಿಗಾಗಿ ಬಂದರು. ಮೊದಮೊದಲು ರಜಿಯಾ ತನ್ನ ಕೈಗೆ ಬಂದ ಚೆಂಡನ್ನು ಪಕ್ಕದವರಿಗೇ ಕೊಟ್ಟುಬಿಡುತ್ತಿದ್ದಳು. ದಾವಲಸಾಬರು ತಲೆ ಬಗ್ಗಿಸಿ ಹೊಲಿಯುತ್ತಲೇ ಇರುತ್ತಿದ್ದರು, ಎದ್ದು ಹೋಗಿ ಹೇಳಿಕೊಡುತ್ತಿರಲಿಲ್ಲ.

ಒಂದು ಸಂಜೆ ಅವರೇ ನನಗೆ ಫೋನ್ ಮಾಡಿದರು. “ಸರ್, ಸುದ್ದಿ ಐತಿ ಬರ್ರಿ. ಮಗಳು ಜಗಳಾಡ್ಯಾಳ!”

ಹೋಗಿ ನೋಡಿದರೆ, ತನ್ನ ಪಾಳಿಯ ಚೆಂಡು ಬಿಟ್ಟುಕೊಡದೆ ಎಳೆದಾಡಿ ರಜಿಯಾಳ ಹಳದಿ ಫ್ರಾಕಿನ ತೋಳು ಹರಿದಿತ್ತು. ಬಂದ ಗಿರಾಕಿಗಳಿಗೆಲ್ಲ ಅದನ್ನು ಎತ್ತಿ ತೋರಿಸುತ್ತಿದ್ದರು. ಹೊಲಿದುಕೊಡು ಎಂದು ಹೆಂಡತಿ ಬೈದರು. “ಇರ್ಲಿ ಬಿಡ, ಇದು ಆಕಿ ಸರ್ಟಿಫಿಕೇಟ್” ಎಂದು ಮೊಳೆಗೆ ತೂಗುಹಾಕಿದರು. ನಂತರ ನನ್ನತ್ತ ತಿರುಗಿ, “ಹೈಸ್ಕೂಲಿಗೆ ಸಾಲಿಗೇ ಕಳಸ್ತೇನ್ರಿ. ಈಗ ನಾಲ್ಕು ಮಂದ್ಯಾಗ ತಡ್ಕೋತಾಳ” ಎಂದರು.

ಅದನ್ನು ನೋಡಲು ಅವರು ಇರಲಿಲ್ಲ. ಅವರು ಹೋದ ಐದು ತಿಂಗಳಿಗೆ, ಜೂನ್‌ನಲ್ಲಿ, ಹದಿಮೂರರ ರಜಿಯಾ ಎಂಟನೇ ತರಗತಿಗೆ ಸೇರಿದಳು.

ಕಳೆದ ವಾರ ಹೊರ್ತಿಗೆ ಹೋಗಿದ್ದೆ. ನಲ್ಲಿಯ ಮುಂದೆ ಸಿದ್ದವ್ವ ತನ್ನ ಕೊಡವನ್ನು ಮೆಲ್ಲಗೆ ಮುಂದೆ ಸರಿಸುತ್ತಿದ್ದಳು. ಶಾಲೆಯ ಸಮವಸ್ತ್ರದಲ್ಲಿದ್ದ ರಜಿಯಾ ಅದನ್ನು ಎತ್ತಿ ಹಿಂದಕ್ಕಿಟ್ಟಳು.

“ಆಯಿ, ಪಾಳಿ ನಂದೈತಿ.”

ಕೊಡ ತುಂಬಿಸಿಕೊಂಡು ಮನೆಗೆ ಹೋದಳು.