ಮುಚ್ಚಳ ಬಿಗಿಯಾದ ಡಬ್ಬಿ

ಶೇಂಗಾ ಉಂಡಿಯ ವಾಸನೆ ಬಂತೆಂದು ಈಗಷ್ಟೇ ಅಡುಗೆಮನೆಗೆ ಹೋದೆ. ಡಬ್ಬಿ ಸಿಕ್ಕಿತು, ಮುಚ್ಚಳ ಮಾತ್ರ ಬಿಚ್ಚಲೊಲ್ಲದಾಯಿತು. ಈ ಡಬ್ಬಿಗೂ ನನಗೂ ಹಳೆಯ ಜಗಳ. ಕೂತುಕೊಳ್ಳಿ, ಹೇಳುತ್ತೇನೆ.

ಆಂಧ್ರದ ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡಿದವನು ನಾನು. ನಮ್ಮ ಕಸುಬಿನಲ್ಲಿ ಚೀಲದ ಮೇಲಿನ ಹತ್ತಿಯನ್ನು ಯಾರೂ ನಂಬುವುದಿಲ್ಲ. ಮೊಳಕೈವರೆಗೆ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಎಳೆದು, ಹಸಿಯೋ ಒಣಗಿದೆಯೋ ನೋಡಿದ ಮೇಲೆಯೇ ಮುಂದಿನ ಮಾತು. ಅಂಗಡಿ ಬಿಟ್ಟರೂ ಆ ಚಾಳಿ ಬಿಟ್ಟಿಲ್ಲ. ಹಾಲಿನವನನ್ನೂ ಡಾಕ್ಟರನ್ನೂ ಹಾಗೇ ನೋಡುತ್ತೇನೆ. ನಿಮ್ಮನ್ನೂ ಒಮ್ಮೆ ನೋಡಿಯೇ ಕೂರಿಸಿದ್ದು.

ಮೊಮ್ಮಗಳು ನೀಲಾಗೆ ಮೂರು ವರ್ಷ ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ ಚೆನ್ನಾಗಿದೆ ಎಂದರು ಡಾಕ್ಟರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅದಕ್ಕೇ ಕೂಸಿಗೆ ಗಲಿಬಿಲಿಯಾಗಿದೆ ಎಂದರು ನೆಂಟರು. ಸೊಸೆ ಬಚ್ಚಲಮನೆಯಲ್ಲಿ ಅಳುತ್ತಿದ್ದಳು. ನನಗೂ ಒಳಗೊಳಗೇ ಭಯ. ಈ ಮಗು ನನ್ನನ್ನು ಒಮ್ಮೆಯೂ 'ತಾತ' ಎನ್ನದೇ ಹೋದರೆ?

ಸೊಸೆ ವಿಚಾರಿಸಿ ವಿಚಾರಿಸಿ ಮಕ್ಕಳ ಥೆರಪಿ ಕೇಂದ್ರವೊಂದನ್ನು ಹುಡುಕಿದಳು. ಕಾವಲಿಗೆ ನಾನೂ ಹೋದೆ. ಅಲ್ಲಿ ಮಾತು ಕಲಿಸುವವಳು ಎಮ್ಮಿಗನೂರಿನ ಪದ್ಮಾ. ಅವಳು ಮಾಡಿದ್ದಿಷ್ಟೇ: ಉಂಡಿಯನ್ನು ಕಾಣುವಂಥ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ನೀಲಾಳ ಮುಂದೆ ಹಿಡಿದು, "ಉಂಡಿ" ಎಂದು ಸುಮ್ಮನೆ ಕಾದಳು. ನೀಲಾ ಕೈ ಚಾಚಿದಳು, ಮುಖ ಸಿಂಡರಿಸಿದಳು, ಕೊನೆಗೆ "ಉಂ" ಎಂದಳು. ತಕ್ಷಣ ಉಂಡಿ ಸಿಕ್ಕಿತು.

"ಇದೇನು ಆಟಾನೋ, ಕೂಸನ್ನ ಗೋಳು ಹೊಯ್ಕೊಳ್ಳೋದೋ?" ಎಂದೆ.

"ಆಟಾನ ರೀ ಸಾವ್ಕಾರ್ರ. ಆಕಿಗೆ ಮಾತು ಕಷ್ಟ ಐತಿ, ಯಾರ ತಪ್ಪೂ ಅಲ್ಲ. ಆದ್ರ ಆಕಿ ಕಣ್ಣು ಹಾಯಿಸೋದ್ರಾಗ ನೀವೆಲ್ಲ ತಂದು ಕೈಯಾಗ ಇಡ್ತೀರಿ. ಚೂರು ಕಾಯ್ರಿ, ಅಳೋತನಕ ಬ್ಯಾಡ. ಸಪ್ಪಳ ಬಂದ್ರೂ ಸಾಕು, ಕೊಟ್ಟುಬಿಡ್ರಿ. ಕನ್ನಡ, ತೆಲುಗು ಯಾವುದಾದ್ರೂ ಆಗ್ಲಿ."

"ಅದು ಮಾತಲ್ಲಮ್ಮ, ಮುಲುಕಿದ್ದು."

"ಹಂಗಾದ್ರ ನನ್ನ ನಂಬಬ್ಯಾಡ್ರಿ. ಮನ್ಯಾಗ ನೀವ ಪರೀಕ್ಷೆ ಮಾಡಿ ನೋಡ್ರಿ."

ಬಿಡುವವನೇ ನಾನು? ಅಂಥದೇ ಡಬ್ಬಿ ತಂದು ನಾನೇ ಹಿಡಿದೆ. "ಉಂ." ಬೆಳಿಗ್ಗೆಯದು ಮೇಲಿನ ಹತ್ತಿ ಇರಬಹುದೆಂದು ಸಂಜೆ ಮತ್ತೆ ಹಿಡಿದೆ. ಹಾಲಿನ ಲೋಟ, ಚಪ್ಪಲಿ, ಚೆಂಡು, ಎಲ್ಲದರಲ್ಲೂ ನೋಡಿದೆ. ಮಳೆಗಾಲವಿಡೀ ನನ್ನ ತನಿಖೆ ನಡೆಯಿತು. ಅಷ್ಟರಲ್ಲಿ 'ಉಂ' ಹೋಗಿ 'ಉಂಡಿ' ಆಗಿತ್ತು. ಚೆಂಡಿಗೆ ಬೀದಿಯ ತೆಲುಗಿನಲ್ಲಿ 'ಬಂತಿ' ಎನ್ನತೊಡಗಿದ್ದಳು.

ಸೊಸೆ ನನ್ನೆದುರೇ ಪದ್ಮಾಗೆ ದೂರು ಹೇಳಿದಳು. "ನಮ್ ಮಾವ ನಿಮ್ಮನ್ನ ಇನ್ನೂ ನಂಬವಲ್ರು. ದಿನಾ ಪರೀಕ್ಷೆ ಮಾಡ್ತಾರ."

"ಮಾಡ್ಲಿ ಬಿಡ್ರಿ," ಎಂದು ಪದ್ಮಾ ನಕ್ಕಳು. "ಅದ ರೀ ಥೆರಪಿ."

ಮೈ ಉರಿದುಹೋಯಿತು. ನನ್ನ ಅನುಮಾನವನ್ನೇ ಹಿಡಿದು ನನ್ನಿಂದ ಕೆಲಸ ಮಾಡಿಸಿಕೊಂಡಿದ್ದಳು. ಬೇಕೆಂದೇ ಮಾಡಿದಳೋ, ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದಳೋ, ಇವತ್ತಿಗೂ ನನಗೆ ಗುಮಾನಿ.

ಈಗಷ್ಟೇ ಆ ಮುಚ್ಚಳದ ಜೊತೆ ಗುದ್ದಾಡುತ್ತಿದ್ದಾಗ, ಶಾಲೆಯಿಂದ ಬಂದ ನೀಲಾ ಡಬ್ಬಿ ಕಸಿದುಕೊಂಡಳು. ತೆಗೆದುಕೊಡುತ್ತಾಳೆಂದು ಕೈ ಚಾಚಿದೆ. ಕೊಡಲಿಲ್ಲ. ಡಬ್ಬಿಯನ್ನು ನನ್ನ ಮುಖದ ಮುಂದೆ ಹಿಡಿದು ಸುಮ್ಮನೆ ನಿಂತಳು.

"ಏನ್ ಬೇಕು, ಬಾಯಿ ಬಿಟ್ಟು ಕೇಳು ತಾತ."

ಮುಖ ಸಿಂಡರಿಸಿದೆ. ಕೊನೆಗೆ "ಉಂ" ಎಂದೆ. ಅವಳು ತಕ್ಷಣ ಮುಚ್ಚಳ ತೆಗೆದು ಉಂಡಿ ಕೊಟ್ಟಳು.