ಲಾಸಿನೆಮ್ ಕ್ಷಮಿಸದೆಯೇ ಉಣಿಸಿದ್ದು

ನಮ್ಮ ಓಣಿಯ ಲಾಸಿನೆಮ್ ಸೋಯಾಕಾಳು ಬೇಯಿಸಿ, ಹುದುಗು ಬೆರೆಸಿ, ಬಾಳೆಲೆಯಲ್ಲಿ ಕಟ್ಟಿ ತೆಂಪೆ ಮಾರುವವಳು. ರಂಜಾನ್ ಮುಗಿದ ಹಬ್ಬದ ದಿನ ನಾವು ಜಾವಾದವರು ಮನೆಮನೆಗೆ ಹೋಗಿ ತಪ್ಪುಗಳಿಗೆ ಕ್ಷಮೆ ಕೇಳುತ್ತೇವೆ. ಎದುರಿನವರು ‘ಕ್ಷಮಿಸಿದೆ’ ಎನ್ನುತ್ತಾರೆ, ತಿಂಡಿಯ ತಟ್ಟೆ ಕೈಗೆ ಬರುತ್ತದೆ. ಮನಸ್ಸಿನಲ್ಲಿಲ್ಲದಿದ್ದರೆ ಇನ್ನು ಆ ಮಾತನ್ನು ಆಡಬಾರದೆಂದು ಆ ವರ್ಷದ ಉಪವಾಸದಲ್ಲಿ ಲಾಸಿನೆಮ್ ತೀರ್ಮಾನಿಸಿದಳು.

ಹಬ್ಬದ ಬೆಳಿಗ್ಗೆ ಕೋಳಿ ಕದ್ದ ಪಕ್ಕದ ಮನೆಯವನನ್ನೂ ಗದ್ದೆಯ ಬದು ಒತ್ತಿದ್ದ ಮೈದುನನನ್ನೂ ನಿಜವಾಗಿಯೇ ಕ್ಷಮಿಸಿದಳು. ಎದೆ ಹಗುರಾಯಿತೆಂದು ದಾರಿಯಲ್ಲಿ ನನಗೆ ಹೇಳಿದಳು. ಉಳಿದದ್ದು ತುಕಿಯೆಮ್. ಲಾಸಿನೆಮ್‌ಳ ಮಗಳಿಗೆ ಮೂರ್ಛೆರೋಗವೆಂದು ಗಂಡಿನವರ ಕಿವಿಯೂದಿ, ನಿಶ್ಚಯವಾಗಿದ್ದ ಮದುವೆ ಮುರಿದವಳು.

ತುಕಿಯೆಮ್ ಒಂಟಿ. ನಾವು ಅವಳ ಮನೆಗೆ ಹೋದಾಗ ಸೊಂಟ ಮುರಿದು ಮಲಗಿದ್ದಳು. ಕ್ಷಮಿಸೆಂದು ಎರಡೂ ಕೈ ಚಾಚಿದಳು. ಲಾಸಿನೆಮ್ ಆ ಕೈಗಳನ್ನೇ ನೋಡುತ್ತ ನಿಂತಳು.

“ಬಾಯಿಮಾತಿಗಾದ್ರೆ ಈಗ್ಲೇ ಹೇಳ್ತೀನಿ ತುಕಿ. ಮನಸ್ಸು ಬರ್ತಾ ಇಲ್ಲ.”

“ಹಂಗಾದ್ರೆ ಬೇಡ ಬಿಡಕ್ಕ,” ಎಂದು ತುಕಿಯೆಮ್ ಕೈ ಹಿಂತೆಗೆದುಕೊಂಡಳು.

ಹೊರಡುವಾಗ ಅಡುಗೆಮನೆ ಕಣ್ಣಿಗೆ ಬಿತ್ತು. ಹಬ್ಬದ ದಿನವೂ ಒಲೆ ತಣ್ಣಗಿತ್ತು. ಲಾಸಿನೆಮ್ ದಾರಿಯುದ್ದಕ್ಕೂ ಅತ್ತಳು. ಇಷ್ಟು ಉಪವಾಸ ಮಾಡಿಯೂ ತಾನು ಒಳ್ಳೆಯವಳಾಗಲಿಲ್ಲವಲ್ಲ ಎಂಬ ಸಂಕಟ. ಆಮೇಲೆ ಮುಖ ತೊಳೆದು, ತೆಂಗಿನಹಾಲಿನ ಕೋಳಿಸಾರು, ಅನ್ನ ಹೊತ್ತು ಮತ್ತೆ ಅಲ್ಲಿಗೇ ಹೋದಳು. ಮುಂದೆ ಅದೇ ರೂಢಿಯಾಯಿತು. ಊಟ ಕೊಟ್ಟು, ತಲೆ ಬಾಚಿ, ಬಟ್ಟೆ ಒಗೆದು ಬರುವಳು.

ಸೆಮರಾಂಗ್ ಪಟ್ಟಣದಿಂದ ಬಂದ ಮಗಳು ವಹ್ಯುನಿ ಇದನ್ನು ಕಂಡು ಕಿಡಿಕಿಡಿಯಾದಳು.

“ನನ್ ಮದ್ವೆ ಮುರಿದೋಳನ್ನ ಕ್ಷಮಿಸಿಬಿಟ್ಯೇನಮ್ಮಾ?”

“ಇಲ್ಲ ಕಣೆ. ಎಷ್ಟು ಪ್ರಯತ್ನಪಟ್ರೂ ಆಗ್ಲಿಲ್ಲ. ಅನ್ನ ಹೊತ್ಕೊಂಡು ಹೋಗೋಕೆ ಕಾಲು ಬಂತು, ಅಷ್ಟೇ.”

ವಹ್ಯುನಿ ತುಕಿಯೆಮ್ ಮನೆಯತ್ತ ಸುಳಿಯಲಿಲ್ಲ. ತಾಯಿ ಒತ್ತಾಯಿಸಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ತುಕಿಯೆಮ್ ಕೋಲೂರಿ ನಡೆಯುವಂತಾದಳು. ಒಂದು ಬೆಳಿಗ್ಗೆ ಲಾಸಿನೆಮ್‌ಳ ಅಂಗಳಕ್ಕೆ ಬಂದು, ಯಾರೂ ಕರೆಯದೆಯೇ ಕುಳಿತು ಬಾಳೆಲೆ ಮಡಿಸತೊಡಗಿದಳು. ಹಾಗೆ ಬಿಗಿದರೆ ಕಾಳು ಕೊಳೆಯುತ್ತದೆಂದು ಲಾಸಿನೆಮ್ ಗದರಿದಳು. ಆದರೆ ಎಲೆಯ ಕಟ್ಟನ್ನು ಅವಳ ಮುಂದಕ್ಕೆ ತಳ್ಳಿದಳು. ಈಗ ತೆಂಪೆ ಇಬ್ಬರೂ ಸೇರಿಯೇ ಕಟ್ಟುತ್ತಾರೆ, ದಿನವೂ ಜಗಳವಾಡುತ್ತಾರೆ.

ಹೋದ ಹಬ್ಬದಲ್ಲಿ ನಾನು ಲಾಸಿನೆಮ್‌ಳನ್ನು ಮೆಲ್ಲಗೆ ಕೇಳಿದೆ, ಈಗಲಾದರೂ ಮನಸ್ಸು ಬಂತೇ ಎಂದು.

“ಒಂದೊಂದ್ಸಲ ಬರುತ್ತೆ. ಮಗಳು ಬಂದಾಗ ಹೋಗ್ಬಿಡುತ್ತೆ.”